ಗೋಡೆ ಕಡೆಯ ಮಗು

"ಎರಡೇ ಕಣೇ! ಎರಡು ಅಂತ ಡಾಕ್ಟ್ರೇ ಏಳವ್ರೆ!"

ಅತ್ತೆ ಪಟಾಲಮ್ಮ ಇಷ್ಟು ಗಟ್ಟಿಯಾಗಿ ಹೇಳಿದ್ದೇ ತಡ, ನಡುಮನೆಯಲ್ಲಿ ನೆರೆದಿದ್ದ ಹೆಂಗಸರೆಲ್ಲ ಒಟ್ಟಿಗೆ "ಓ..." ಎಂದರು. ಹಸಿರು ಬಳೆಗಳ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಮಣೆಯ ಮೇಲೆ ಕುಳಿತಿದ್ದ ದಿವ್ಯ ತಲೆ ಎತ್ತಲಿಲ್ಲ. ಅವಳ ಮಡಿಲಲ್ಲಿ ಅಕ್ಕಿ, ಕೊಬ್ಬರಿ, ಎಲೆ ಅಡಿಕೆ. ಅದರ ಕೆಳಗೆ, ರೇಷ್ಮೆ ಸೀರೆಯ ನೆರಿಗೆಗಳ ಒಳಗೆ, ಮೂರು ಜೀವ.

ಪಕ್ಕದ ಮನೆಯ ಮುನಿಕೃಷ್ಣಮ್ಮ ಮಾತ್ರ ಬಿಡಲಿಲ್ಲ. ಆಕೆ ಕಣ್ಣು ಕಿರಿದು ಮಾಡಿ ದಿವ್ಯಳ ಹೊಟ್ಟೆಯನ್ನು ಸಂತೆಯಲ್ಲಿ ಕುಂಬಳಕಾಯಿ ನೋಡುವ ಹಾಗೆ ನೋಡಿದಳು. "ಏಳು ತಿಂಗಳಿಗೇ ಇಂಗವ್ಳಲ್ಲೇ! ಇನ್ನೊಂದನ್ನ ಎಲ್ಲಾದ್ರೂ ಬಚ್ಚಿಟ್ಕಂಡಿದ್ದೀಯೇನೇ ಪಟಾಲೂ?"

"ಬಚ್ಚಿಡಾಕೆ ಅದೇನು ಕಡ್ಲೆಕಾಯಾ? ಸುಮ್ಕೆ ಓಳ್ಗೆ ತಿನ್ನು, ತುಪ್ಪ ಆರೋಯ್ತದೆ."

ಎಲ್ಲರೂ ನಕ್ಕರು. ನಗುವಿನ ಮರೆಯಲ್ಲಿ ಪಟಾಲಮ್ಮನ ಬೆರಳುಗಳು ಸೊಸೆಯ ಭುಜವನ್ನು ಒತ್ತಿ ಹಿಡಿದವು. ಮಾತಾಡಬೇಡ ಎಂಬುದು ಆ ಹಿಡಿತದ ಅರ್ಥ. ಅದರ ಅಗತ್ಯವೇ ಇರಲಿಲ್ಲ. ದಿವ್ಯ ಮದುವೆಯಾಗಿ ಈ ಮನೆಗೆ ಬಂದ ಆರು ವರ್ಷಗಳಲ್ಲಿ ನಾಲ್ಕು ಜನರ ಎದುರಿಗೆ ಬಾಯಿ ಬಿಟ್ಟವಳಲ್ಲ.

ಆದರೆ ಆ ಕ್ಷಣದಲ್ಲಿ ಅವಳ ಹೊಟ್ಟೆಯ ಬಲಗಡೆ ಅಷ್ಟು ಹೊತ್ತು ಮೆಲ್ಲಗೆ ಮಿಸುಕುತ್ತಿದ್ದ ಒಂದು ಪಾದ ತಟ್ಟನೆ ನಿಂತುಹೋಯಿತು... ಯಾರೋ ಬಾಗಿಲ ಹೊರಗೆ ನಿಂತು ಒಳಗಿನ ಮಾತು ಕೇಳಿಸಿಕೊಂಡು ಹಿಂದಕ್ಕೆ ಹೆಜ್ಜೆ ಇಟ್ಟ ಹಾಗೆ.

ರಾಜಾನುಕುಂಟೆಯ ಆ ಮನೆಯ ಹಿಂದೆ ಗುಲಾಬಿ ಬೆಳೆಯುವ ಪಾಲಿಹೌಸ್ ಇತ್ತು. ದಿವ್ಯಳ ಗಂಡ ಬಾಲರಾಜು ಬೆಳಿಗ್ಗೆ ಹೂ ಕೊಯ್ಯಿಸಿ, ಕಟ್ಟು ಕಟ್ಟಿಸಿ, ಹೆಬ್ಬಾಳದ ಹರಾಜಿಗೆ ಒಯ್ಯುತ್ತಿದ್ದ. ಐದು ವರ್ಷ ಮಕ್ಕಳಾಗದೆ, ಯಲಹಂಕದ ತಸ್ನೀಮ್ ಡಾಕ್ಟರ ಹತ್ತಿರ ಮಾತ್ರೆ, ಇಂಜೆಕ್ಷನ್ ಎಂದು ಅಲೆದು, ಕೊನೆಗೊಂದು ದಿನ ಗರ್ಭ ನಿಂತಿತ್ತು. ಮೊದಲ ಸ್ಕ್ಯಾನಿಗೆ ಅತ್ತೆ, ಗಂಡ, ದಿವ್ಯ ಮೂವರೂ ಹೊರಟಾಗ ಪಟಾಲಮ್ಮ ಅಂಗಳದಿಂದ ಒಂದು ನುಣುಪಾದ ಕಲ್ಲು ಹೆಕ್ಕಿ ಚೀಲದೊಳಗೆ ಹಾಕಿಕೊಂಡಿದ್ದಳು. ಒಳ್ಳೆಯ ಕೆಲಸಕ್ಕೆ ಮೂರು ಜನ ಹೋಗಬಾರದು. ಕಲ್ಲು ಸೇರಿದರೆ ನಾಲ್ಕು. ಆ ಮನೆಯಲ್ಲಿ ತಟ್ಟೆಗೆ ಮೂರು ದೋಸೆ ಬಿದ್ದರೆ ಪಕ್ಕದಲ್ಲಿ ನಾಲ್ಕನೆಯದರ ಚೂರೊಂದು ಬೀಳಲೇಬೇಕಿತ್ತು.

ಕತ್ತಲು ಕೋಣೆಯ ಪರದೆಯ ಮೇಲೆ ಮೂರು ಪುಟ್ಟ ಬೆಳಕುಗಳು ಮಿಣಮಿಣ ಎನ್ನುತ್ತಿದ್ದವು. "ಒಂದು... ಎರಡು..." ಎಂದು ಎಣಿಸಿದ ತಸ್ನೀಮ್ ಡಾಕ್ಟರು ಸ್ವಲ್ಪ ತಡೆದು, "ಇಲ್ಲಿ ಇನ್ನೊಂದು. ಮೂರು!" ಎಂದಿದ್ದರು. ಪಟಾಲಮ್ಮ ಚೀಲದಿಂದ ತೆಗೆದು ಹಿಡಿದಿದ್ದ ಕಲ್ಲು ಟಪ್ ಎಂದು ನೆಲಕ್ಕೆ ಬಿದ್ದಿತ್ತು.

ಆವತ್ತು ಡಾಕ್ಟರು ಅರ್ಧ ಗಂಟೆ ಕೂರಿಸಿಕೊಂಡು ಎಲ್ಲ ಬಿಡಿಸಿ ಹೇಳಿದರು. ಮೂರು ಮಕ್ಕಳು ಒಂಬತ್ತು ತಿಂಗಳು ತುಂಬುವವರೆಗೆ ಕಾಯುವುದಿಲ್ಲ. ಮೂವತ್ತೆರಡು, ಮೂವತ್ತಮೂರು ವಾರಕ್ಕೇ ಬಾಗಿಲು ಬಡಿಯುತ್ತವೆ. ಚಿಕ್ಕದಾಗಿ ಹುಟ್ಟುತ್ತವೆ. ಉಸಿರಾಡಲು, ಬೆಚ್ಚಗಿರಲು ಪ್ರತಿಯೊಂದಕ್ಕೂ ಬೇರೆ ಬೇರೆ ಪೆಟ್ಟಿಗೆ, ಬೇರೆ ಬೇರೆ ಯಂತ್ರ ಬೇಕು. ಅಂಥ ಮೂರು ಜಾಗ ಒಟ್ಟಿಗಿರುವುದು ಹೆಬ್ಬಾಳದ ಕಡೆಯ ದೊಡ್ಡ ಆಸ್ಪತ್ರೆಯಲ್ಲಿ; ಹೆರಿಗೆ ಅಲ್ಲೇ ಆಗಬೇಕು, ಆ ಹೊತ್ತಿಗೆ ತಾನೂ ಅಲ್ಲಿಗೆ ಬರುತ್ತೇನೆ. ಮೊಟ್ಟೆ, ಕಾಳು, ಸೊಪ್ಪು, ಕಬ್ಬಿಣದ ಮಾತ್ರೆ. ಎಡಮಗ್ಗುಲಲ್ಲಿ ವಿಶ್ರಾಂತಿ. ನೀರು ಹೋದರೆ, ಹೊಟ್ಟೆ ಕಲ್ಲಿನಂತೆ ಬಿಗಿದರೆ, ಒಂದು ನಿಮಿಷವೂ ಕಾಯಬಾರದು.

ಹೊರಡುವಾಗ ಅವರು ದಿವ್ಯಳ ಗಲ್ಲ ಹಿಡಿದು ಎತ್ತಿದರು. "ನೀನು ಮಾತಾಡಲ್ಲ ಅಂತ ಗೊತ್ತು ನಂಗೆ. ಮಾತಾಡ್ಬೇಡ. ಆದ್ರೆ ಯಾವ ಆಸ್ಪತ್ರೇಲಿ, ಯಾರೇ ಕೇಳಿದ್ರೂ ಒಂದೇ ಒಂದು ಮಾತು ಹೇಳ್ಬೇಕು. ಮೂರು. ಹೇಳ್ತೀಯಾ?"

ದಿವ್ಯ ತಲೆಯಾಡಿಸಿದಳು.

"ತಲೆ ಆಡ್ಸಿದ್ರೆ ನಂಗೆ ಕೇಳ್ಸಲ್ಲಮ್ಮಾ."

"...ಮೂರು," ಎಂದಳು ದಿವ್ಯ. ಅದು ಅವಳಿಗೇ ಕೇಳಿಸಲಿಲ್ಲ.

ಮನೆಗೆ ಬಂದ ದಿನವೇ ಪಟಾಲಮ್ಮ ಫೈಲನ್ನು ರಾಗಿ ಡ್ರಮ್ಮಿನೊಳಗೆ ಹೂತಿಟ್ಟಳು. "ಊರಿಗೆ ಎರಡು ಅಂತ್ಲೇ ಏಳೋದು. ಮೂರು ಅನ್ನೋ ಮಾತು ಈ ಒಸ್ಲು ದಾಟಿದ್ರೆ ನೋಡು ಮತ್ತೆ! ಯಾರ್ ಕಣ್ಣು ಎಂಗಿರ್ತದೋ ಯಾರಿಗ್ಗೊತ್ತು." ಡಾಕ್ಟರ ಹತ್ತಿರ ಹೋಗುವ ದಿನ ಡ್ರಮ್ಮಿನಿಂದ ಫೈಲು ಎದ್ದು ಬರುತ್ತಿತ್ತು, ಸಂಜೆ ಮತ್ತೆ ರಾಗಿಯೊಳಕ್ಕೆ. ತಸ್ನೀಮ್ ಡಾಕ್ಟರು ಹಾಳೆ ತಿರುವಿದಾಗಲೆಲ್ಲ ಮೇಜಿನ ಮೇಲೆ ನಾಲ್ಕು ರಾಗಿಕಾಳು ಉದುರುತ್ತಿದ್ದವು.

ದಿವ್ಯ ಓದಿದ್ದು ಎಂಟನೇ ಕ್ಲಾಸಿನವರೆಗೆ. ಬಾಗಲಗುಂಟೆಯ ತವರಿನಲ್ಲಿ ಅಮ್ಮ ಹಾಸಿಗೆ ಹಿಡಿದ ಮೇಲೆ ತಮ್ಮಂದಿರನ್ನು ನೋಡಿಕೊಳ್ಳಲು ಶಾಲೆ ಬಿಟ್ಟವಳು. ಶಾಲೆಯಲ್ಲಿ ಮಗ್ಗಿ ಅವಳಿಗೆ ಬಾಯಿಪಾಠ ಇರುತ್ತಿತ್ತು; ಆದರೆ ಹಿಂದಿನ ಬೆಂಚಿನಿಂದ ಅವಳು ಹೇಳಿದ್ದು ಮೇಡಮ್ಮಿಗೆ ಎಂದೂ ಕೇಳಿಸಿರಲಿಲ್ಲ. ಈಗ, ಫೈಲು ರಾಗಿಯೊಳಗೆ ಸೇರುವ ಮುನ್ನ, ಆಟೋದಲ್ಲಿ ಬರುವ ದಾರಿಯುದ್ದಕ್ಕೂ ಅವಳು ಅದನ್ನು ಓದುತ್ತಿದ್ದಳು. ವಾರ ಎಷ್ಟು, ರಕ್ತ ಯಾವುದು, ಯಾವ ಮಗುವಿನ ತೂಕ ಎಷ್ಟು... ಎಲ್ಲವನ್ನೂ ಮಗ್ಗಿಯ ಹಾಗೆ ಬಾಯಿಪಾಠ ಮಾಡುತ್ತಿದ್ದಳು. ಯಾರಿಗೆ ಹೇಳಲೆಂದು ಅವಳಿಗೂ ತಿಳಿದಿರಲಿಲ್ಲ.

ಮಂಚದ ಎಡಕ್ಕೆ ಕಿಟಕಿ, ಬಲಕ್ಕೆ ಗೋಡೆ, ಕಾಲ ಕಡೆ ಬಾಗಿಲು. ಆ ದೀರ್ಘ ಮಧ್ಯಾಹ್ನಗಳಲ್ಲಿ ಮೂರು ಮಕ್ಕಳಿಗೂ ಅವಳು ಹಾಗೆಯೇ ಹೆಸರಿಟ್ಟಳು. ಕಿಟಕಿ ಕಡೆಯದು ತುಂಟ. ಯಲಹಂಕದ ವಿಮಾನದ ಸದ್ದು ಕೇಳಿದರೆ ಸಾಕು, ಎದ್ದು ನೋಡುವಂತೆ ಒದೆಯುತ್ತಿತ್ತು. ಬಾಗಿಲ ಕಡೆಯದಕ್ಕೆ ಅವಸರ, ಕೆಳಗೆ ಕೆಳಗೆ ನೂಕುತ್ತಿತ್ತು. ಗೋಡೆ ಕಡೆಯದು ಸಂಕೋಚದ ಮಗು. ಎಲ್ಲರೂ ಸುಮ್ಮನಾದ ಮೇಲೆ ಒಂದೇ ಒಂದು ಸಲ, ಬೆರಳ ತುದಿಯಿಂದ ತಟ್ಟಿದ ಹಾಗೆ ತಟ್ಟಿ ಸುಮ್ಮನಾಗುತ್ತಿತ್ತು. 'ನನ್ನ ಹಾಗೇ,' ಎಂದುಕೊಳ್ಳುತ್ತಿದ್ದಳು ದಿವ್ಯ.

ಪಾಲಿಹೌಸಿನ ಗುಲಾಬಿಯ ಒದ್ದೆ ವಾಸನೆ ಕಿಟಕಿಯಿಂದ ಬರುತ್ತಿತ್ತು. ಕಣ್ಣು ಮುಚ್ಚಿದರೆ ಅವಳಿಗೆ ಒಂದೇ ಕನಸು: ಗುಲಾಬಿ ಸಾಲುಗಳ ನಡುವೆ ಅವಳು ನಡೆಯುತ್ತಿದ್ದಾಳೆ, ಬಿಳಿಯ ಮಂಜು ಮೊಣಕಾಲವರೆಗೆ ಹರಡಿದೆ, ಎರಡು ಮಕ್ಕಳು ಅವಳ ಎರಡು ಕೈ ಹಿಡಿದಿವೆ. ಮೂರನೆಯದಕ್ಕೆ ಹಿಡಿಯಲು ಕೈಯಿಲ್ಲ. ಅದು ಸೆರಗಿನ ತುದಿ ಹಿಡಿದು ಹಿಂದೆ ಬರುತ್ತಿದೆ. ತಿರುಗಿ ನೋಡಿದರೆ ಸೆರಗಷ್ಟೇ ಇದೆ...

ಅಂಗಳದ ಹಗ್ಗದ ಮೇಲೆ ಪಟಾಲಮ್ಮ ಹಳೆಯ ಪಂಚೆ, ಹಳೆಯ ಸೀರೆಗಳನ್ನು ಬಿಸಿನೀರಲ್ಲಿ ಕುದಿಸಿ ಒಣಗಿಸುತ್ತಿದ್ದಳು. ಹುಟ್ಟುವ ಮೊದಲು ಹೊಸ ಬಟ್ಟೆ ತರುವ ಹಾಗಿಲ್ಲ; ಹಳೆಯ ಮೆತ್ತನೆಯ ಬಟ್ಟೆಯನ್ನೇ ಹರಿದು ಮಡಿಸಿ ಗಂಟು ಕಟ್ಟಬೇಕು. ದಿವ್ಯ ಕಿಟಕಿಯಿಂದ ಎಣಿಸಿದಳು. ಎರಡು ಗಂಟು. ಮಾರನೆಯ ದಿನವೂ ಎಣಿಸಿದಳು. ಎರಡೇ.

"ರೀ..." ಎಂದಳು ಆವತ್ತು ಗಂಡನಿಗೆ. "ಅತ್ತೆ ಎರಡೇ ಗಂಟು ಕಟ್ಟಿದಾರೆ."

ಬಾಲರಾಜು ಬೆರಳಿಗೆ ಚುಚ್ಚಿದ ಗುಲಾಬಿ ಮುಳ್ಳು ಕೀಳುತ್ತಾ ಕುಳಿತಿದ್ದ. "ಅಮ್ಮ ಹಂಗೇ ಕಣೆ. ಕಟ್ಕೊಳ್ಳಲಿ ಬಿಡು, ಆಮೇಲೆ ಅಂಗಡೀಲಿ ತಂದ್ರಾಯ್ತು. ಯಾಕೆ ಅಮ್ಮನ ಮನಸ್ಸು ನೋಯಿಸೋದು?"

"ಬಟ್ಟೆಗಲ್ಲ ರೀ..."

"ಮತ್ತೆ?"

ಅದನ್ನು ಹೇಗೆ ಹೇಳುವುದು? ಲೆಕ್ಕಕ್ಕೆ ಸೇರಿಸಿಕೊಳ್ಳದ ಮಗುವಿಗೆ ಅದು ಗೊತ್ತಾಗುತ್ತದೆ ಎಂದು ಹೇಳಿದರೆ ಯಾರು ನಂಬುತ್ತಾರೆ? ದಿವ್ಯ ಗೋಡೆಯ ಕಡೆ ತಿರುಗಿಕೊಂಡಳು.

ಮುಂದಿನ ಸ್ಕ್ಯಾನಿನಲ್ಲಿ ಡಾಕ್ಟರು ತುಂಬಾ ಹೊತ್ತು ಬಲಗಡೆಯೇ ನೋಡಿದರು. "ಈ ಒಂದು ಸ್ವಲ್ಪ ಚಿಕ್ಕದಿದೆ. ಮಿಕ್ಕಿದ್ದಕ್ಕಿಂತ ಇದಕ್ಕೆ ರಕ್ತ ಕಡಿಮೆ ಹೋಗ್ತಿದೆ. ಮೂರಿದ್ದಾಗ ಹೀಗಾಗುತ್ತೆ, ನಿನ್ನ ತಪ್ಪೇನಿಲ್ಲ. ಹುಷಾರಾಗಿ ನೋಡ್ತಾ ಇರೋಣ."

ನನ್ನ ತಪ್ಪೇ, ಎಂದು ದಿವ್ಯಳ ಒಳಗೆ ಯಾವುದೋ ದನಿ ಅಳತೊಡಗಿತು. ಅವತ್ತು ಬಳೆಶಾಸ್ತ್ರದ ದಿನ ನಾನು ಬಾಯಿ ಬಿಡಲಿಲ್ಲ... ಎರಡು ಎಂದಾಗ ಸುಮ್ಮನಿದ್ದೆ... ಅಂದಿನಿಂದ ಅವಳು ಊಟದ ತಟ್ಟೆಯ ಮುಂದೆ ತುಟಿ ಅಲುಗಿಸುತ್ತಿದ್ದಳು. "ಇದು ಕಿಟಕಿದು. ಇದು ಬಾಗಿಲದು. ಇದು ಗೋಡೆದು." ಪಟಾಲಮ್ಮ ದೂರದಿಂದ ನೋಡುತ್ತಿದ್ದಳು.

ಅದು ಬುಧವಾರ, ಬೆಳಗಿನ ಹತ್ತು ಗಂಟೆ. ಬಾಲರಾಜು ಹೂವಿನ ಹರಾಜಿಗೆ ಹೋಗಿದ್ದ. ಕಿಟಕಿಯಾಚೆಯ ಆಕಾಶದಲ್ಲಿ ಮೂರು ವಿಮಾನಗಳು ಬಿಳಿಯ ಗೆರೆ ಎಳೆಯುತ್ತಾ ಹೋಗುವುದನ್ನು ನೋಡುತ್ತಿದ್ದ ದಿವ್ಯಳಿಗೆ ಕಾಲ ಮೇಲೆ ಬೆಚ್ಚಗೆ ನೀರು ಹರಿದಂತಾಯಿತು.

"ಅತ್ತೇ!"

ಪಟಾಲಮ್ಮ ಅಡುಗೆಮನೆಯಿಂದ ಓಡಿ ಬಂದಳು. ನೋಡಿದವಳ ಮುಖ ಸುಣ್ಣವಾಯಿತು. ಮಗನಿಗೂ, ನೂರ ಎಂಟಕ್ಕೂ ಫೋನು ಮಾಡಿದಳು. ಕಾಲು ಗಂಟೆಯಲ್ಲಿ ಆಂಬುಲೆನ್ಸ್ ಬಂತು. ಗಾಬರಿಯಲ್ಲಿ ಇಬ್ಬರಿಗೂ ರಾಗಿ ಡ್ರಮ್ಮಿನೊಳಗಿನ ಫೈಲು ನೆನಪಾಗಲಿಲ್ಲ.

ಗಾಡಿಯೊಳಗೆ ಇದ್ದ ವಹಾಬ್ ಎಂಬಾತ ಕೈಗೆ ಸೂಜಿ ಹಾಕುತ್ತಾ ಕೇಳಿದ. "ಫೈಲ್ ಎಲ್ಲಮ್ಮಾ? ಇಲ್ವಾ? ಎಷ್ಟು ತಿಂಗ್ಳು?"

"ಎಂಟು ನಡೀತಾ ಐತೆ," ಎಂದಳು ಪಟಾಲಮ್ಮ. "ಅವಳಿ. ಎರಡು ಕೂಸು."

ವಹಾಬ್ ಫೋನು ಹಚ್ಚಿದ. ಅತ್ತ ಕಡೆ ಯಾರೊಂದಿಗೋ ಮಾತಾಡಿ, ಮುಖ ಅರಳಿಸಿ ತಿರುಗಿದ. "ನಿಮ್ ಪುಣ್ಯ ಕಣ್ರೀ! ಯಲಹಂಕದಲ್ಲೇ ನರ್ಸಿಂಗ್ ಹೋಮಲ್ಲಿ ಮಕ್ಕಳ ಬೆಡ್ ಎರಡೇ ಎರಡು ಖಾಲಿ ಇದಾವಂತೆ. ರೆಡಿ ಮಾಡ್ಕೋತಾರೆ. ಹತ್ತೇ ನಿಮಿಷ."

ಎರಡೇ ಎರಡು...

ದಿವ್ಯಳ ಕಣ್ಣ ಮುಂದೆ ಮಂಜು ಕವಿಯಿತು. ಆ ಮಂಜಿನಲ್ಲಿ ಬೆಳಕು ತುಂಬಿದ ಎರಡು ಗಾಜಿನ ಪೆಟ್ಟಿಗೆ. ಕಿಟಕಿ ಕಡೆಯದು ಒಂದರೊಳಗೆ, ಬಾಗಿಲ ಕಡೆಯದು ಇನ್ನೊಂದರೊಳಗೆ. ಹೊರಗೆ, ಚಳಿಯಲ್ಲಿ, ಸೆರಗಿನ ತುದಿ ಹಿಡಿದು ನಿಂತ ಮೂರನೆಯದು. ಅದು ಅಳುತ್ತಿಲ್ಲ. ಕೇಳುತ್ತಲೂ ಇಲ್ಲ. ಸುಮ್ಮನೆ ಅವಳ ಮುಖ ನೋಡುತ್ತಿದೆ.

ಅವಳು ಬಾಯಿ ತೆರೆದಳು. ಪಟಾಲಮ್ಮನ ಅಂಗೈ ಬಂದು ಅವಳ ತುಟಿಯ ಮೇಲೆ ಕೂತಿತು. ಗದರಿಸುವ ಕೈಯಲ್ಲ ಅದು; ಬೇಡಿಕೊಳ್ಳುವ ಕೈ.

"ಬ್ಯಾಡ ಕಣಮ್ಮಿ... ನಿನ್ ಕಾಲಿಗೆ ಬೀಳ್ತೀನಿ, ಗಟ್ಟಿಯಾಗಿ ಏಳ್ಬೇಡ... ಬಾಲರಾಜನ ಜೊತೇಲಿ ಇನ್ನೊಂದಿತ್ತು. ಅವನಿಗೇ ಗೊತ್ತಿಲ್ಲ. ಸೂಲಗಿತ್ತಿ ಅವಳಿ ಅಂದ್ಲು ಅಂತ ಊರೆಲ್ಲಾ ಏಳ್ಕಂಡು ಬಂದೆ... ಬೀದಿ ಬೀದಿ ಕುಣ್ಕಂಡು ಏಳ್ಕಂಡು ಬಂದೆ! ಒಂದು ಅತ್ತಿತು. ಇನ್ನೊಂದು ಅಳಲೇ ಇಲ್ಲ ಕಣಮ್ಮಿ... ನನ್ ಬಾಯೇ ಅದನ್ನ ತಿಂದ್ಕಂಡ್ಬಿಡ್ತು..."

ಮೂವತ್ತೆರಡು ವರ್ಷ ಯಾರ ಮುಂದೆಯೂ ಆಡದ ಮಾತು ಓಡುವ ಗಾಡಿಯಲ್ಲಿ ಹರಿದು ಬಿತ್ತು. ದಿವ್ಯ ಅತ್ತೆಯ ಮುಖವನ್ನೇ ನೋಡಿದಳು. ಅಷ್ಟು ದಿನ ಕಂಡ ಗಡಸು ಮುಖದ ಹಿಂದೆ ಹಸಿ ಬಾಣಂತಿಯೊಬ್ಬಳು ಇನ್ನೂ ಅಳುತ್ತಾ ಕೂತಿದ್ದಳು. ದಿವ್ಯ ಆ ಕೈಯನ್ನು ಮೆಲ್ಲಗೆ ತುಟಿಯಿಂದ ತೆಗೆದು ತನ್ನ ಬಲಮಗ್ಗುಲ ಮೇಲೆ ಇಟ್ಟುಕೊಂಡಳು.

"ಅತ್ತೆ, ಇದು ಇಲ್ಲಿದೆ. ಇದಕ್ಕೂ ಜಾಗ ಬೇಕು." ಆಮೇಲೆ ತನ್ನ ಜೀವಮಾನದಲ್ಲಿ ಎಂದೂ ಎತ್ತದ ದನಿಯನ್ನು ಎತ್ತಿದಳು. "ಮೂರು! ಅಣ್ಣಾ, ಎರಡಲ್ಲ! ನನ್ನ ಹೊಟ್ಟೇಲಿ ಮೂರು ಮಕ್ಕಳಿದಾವೆ!"

ವಹಾಬನ ಕೈಯಿಂದ ಹತ್ತಿಯ ಸುರುಳಿ ಜಾರಿತು. "ಯಾ ಅಲ್ಲಾ! ಮೊದ್ಲೇ ಹೇಳೋದಲ್ವೇನಮ್ಮಾ! ಅಲ್ಲಿ ಇರೋದೇ ಎರಡು. ಈಗ ಫೈಲೂ ಇಲ್ಲ, ಏನೂ ಇಲ್ಲ..."

"ನಾನು ಹೇಳ್ತೀನಿ, ಬರ್ಕೊಳ್ಳಿ." ನೋವಿನ ಅಲೆಯೊಂದು ಎದ್ದು ಇಳಿಯುವವರೆಗೆ ಹಲ್ಲು ಕಚ್ಚಿ, ದಿವ್ಯ ಮಗ್ಗಿ ಒಪ್ಪಿಸುವಂತೆ ಒಪ್ಪಿಸಿದಳು. "ಮೂವತ್ತೆರಡು ವಾರ, ನಾಲ್ಕು ದಿನ. ಮೂರು ಮಕ್ಕಳು, ಮೂರಕ್ಕೂ ಬೇರೆ ಬೇರೆ ಚೀಲ. ರಕ್ತ ಬಿ ಪಾಸಿಟಿವ್. ಹಿಮೋಗ್ಲೋಬಿನ್ ಹತ್ತೂವರೆ. ಶ್ವಾಸಕೋಶ ಬಲಿಯೋ ಇಂಜೆಕ್ಷನ್ ಹೋದ ಗುರುವಾರ ಒಂದು, ಶುಕ್ರವಾರ ಒಂದು ಆಗಿದೆ. ಬಲಗಡೆದು ಚಿಕ್ಕದು, ಅದಕ್ಕೆ ರಕ್ತ ಕಡಿಮೆ. ತಸ್ನೀಮ್ ಡಾಕ್ಟ್ರು. ಹೆಬ್ಬಾಳದ ಆಸ್ಪತ್ರೆ. ಅವರ ನಂಬರ್ ಹೇಳ್ಲಾ?"

ವಹಾಬ್ ಅವಳನ್ನು ಒಂದು ಗಳಿಗೆ ಬೆರಗಿನಿಂದ ನೋಡಿ, ಮುಂದಿನ ಗಾಜು ಬಡಿದ. "ಯಲಹಂಕ ಬೇಡ ಗುರೂ! ಸೀದಾ ಹೆಬ್ಬಾಳ ಬಿಡು!"

ಪಟಾಲಮ್ಮ ಗಾಡಿ ಹೆಬ್ಬಾಳ ಮುಟ್ಟುವವರೆಗೂ ಸೊಸೆಯ ಬಲಮಗ್ಗುಲ ಮೇಲಿಟ್ಟ ಕೈಯನ್ನು ತೆಗೆಯಲಿಲ್ಲ.

ಆಪರೇಷನ್ ಕೋಣೆಯಲ್ಲಿ ಬೆನ್ನಿಗೆ ಸೂಜಿ ಚುಚ್ಚಿದ ಮೇಲೆ ದಿವ್ಯಳ ಸೊಂಟದ ಕೆಳಗೆಲ್ಲ ಮಂಜು ಹರಡಿಕೊಂಡಿತು. ತಲೆಯ ಮೇಲೆ ಬಿಳಿಯ ದೀಪ ಚಂದ್ರನಂತೆ ತೇಲುತ್ತಿತ್ತು. ತಸ್ನೀಮ್ ಡಾಕ್ಟರ ದನಿ ಕೆರೆಯ ಆಚೆ ದಡದಿಂದ ಬಂದಂತೆ ಕೇಳುತ್ತಿತ್ತು. ಮೂರು ಬಿಳಿಯ ಹಾಸಿಗೆಗಳ ಪಕ್ಕ ಮೂರು ನರ್ಸುಗಳು ಕಾದು ನಿಂತಿದ್ದರು. ದಿವ್ಯ ಅವರನ್ನು ಎಣಿಸಿದಳು. ಮತ್ತೆ ಎಣಿಸಿದಳು. ಮೂರು.

ಮೊದಲು ಬಾಗಿಲ ಕಡೆಯದು ಅತ್ತಿತು. ಆಮೇಲೆ ಕಿಟಕಿ ಕಡೆಯದು, ಇಡೀ ಕೋಣೆ ಕೇಳುವ ಹಾಗೆ.

ಆಮೇಲೆ... ಏನೂ ಇಲ್ಲ.

ಯಾರೋ ಬೇಗ ಬೇಗ ನಡೆದರು. ಯಾರೋ ಮೆಲ್ಲಗೆ ಏನೋ ಹೇಳಿದರು. ದಿವ್ಯ ಕಣ್ಣು ಮುಚ್ಚಿ ಗುಲಾಬಿ ಸಾಲಿನ ನಡುವೆ ಹಿಂದಿರುಗಿ ನಡೆದಳು. 'ಬಾ ಮಗಾ. ನಾನು ಹೇಳಿದೆ. ಎಲ್ಲರಿಗೂ ಕೇಳೋ ಹಾಗೆ ಹೇಳಿದೆ. ನಿನಗೂ ಜಾಗ ಹಿಡಿದಿದ್ದಾರೆ, ನೋಡು. ನಾಚ್ಕೋಬೇಡ, ಬಾ...'

ಬೆಕ್ಕಿನ ಮರಿ ಮುಲುಗಿದಂತೆ ಒಂದು ಸಣ್ಣ ಸದ್ದು. ಮತ್ತೊಂದು. "ಹೆಣ್ಣು ಮಗು, ಒಂದು ಕೆಜಿ ನೂರು ಗ್ರಾಂ," ಎಂದರು ಯಾರೋ. ದಿವ್ಯಳ ಕಣ್ಣಂಚಿನಿಂದ ನೀರು ಕಿವಿಯೊಳಕ್ಕೆ ಹರಿಯಿತು.

ಸಂಜೆ ಆಸ್ಪತ್ರೆಯವರು ಹಳೆಯ ರಿಪೋರ್ಟುಗಳನ್ನು ಕೇಳಿದಾಗ ಪಟಾಲಮ್ಮ ಮಗನ ಮುಖ ನೋಡದೆ ಹೇಳಿದಳು. "ರಾಗಿ ಡ್ರಮ್ಮಲ್ಲೈತೆ. ತಳದಾಗೆ ಕೈ ಆಕು."

ಬಾಲರಾಜು ಮಾರನೆಯ ದಿನ ಬೆಳಿಗ್ಗೆ ಫೈಲಿನ ಜೊತೆ ಒಂದು ಗಂಟನ್ನೂ ತಂದು ದಿವ್ಯಳ ಹಾಸಿಗೆಯ ಮೇಲಿಟ್ಟ. "ಫೈಲ್ ಕೆಳಗೆ ಇದೂ ಇತ್ತು ಕಣೆ. ಏನಂತ ಗೊತ್ತಾಗ್ಲಿಲ್ಲ, ತಂದೆ."

ಗಂಟು ಬಿಚ್ಚಿದರೆ ರಾಗಿಯ ಧೂಳು, ರಾಗಿಯ ವಾಸನೆ. ಒಳಗೆ ಮೆತ್ತಗೆ ಹರಿದು, ಅಂಚು ಹೊಲಿದು, ಮಡಿಸಿಟ್ಟ ಹನ್ನೆರಡು ಬಟ್ಟೆ ತುಂಡುಗಳು. ಒಂದು ಪುಟ್ಟ ಟೋಪಿ. ಹಳದಿಗೆ ತಿರುಗಿದ ಬಿಳಿ ಸೀರೆ, ಕೆಂಪು ಅಂಚು. ಅದು ಪಟಾಲಮ್ಮನ ಧಾರೆ ಸೀರೆ! ಹಬ್ಬಕ್ಕೂ ಪೆಟ್ಟಿಗೆಯಿಂದ ಹೊರಗೆ ತೆಗೆಯದ, ಸೊಸೆಯ ಕೈಗೂ ಮುಟ್ಟಲು ಕೊಡದ ಸೀರೆ. ಹಗ್ಗದ ಮೇಲೆ ಎರಡು ಗಂಟಿಗಾಗುವಷ್ಟು ಬಟ್ಟೆ ಒಣಗಿದ್ದು ಊರ ಕಣ್ಣಿಗೆ. ಮೂರನೆಯದನ್ನು ಮುದುಕಿ ಯಾರೂ ನೋಡದ ಹೊತ್ತಿನಲ್ಲಿ ಹರಿದು, ಹೊಲಿದು, ಎಲ್ಲಕ್ಕಿಂತ ಜೋಪಾನವಾದ ಜಾಗದಲ್ಲಿ ಹೂತಿಟ್ಟಿದ್ದಳು.

ದಿವ್ಯ ಆ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು. ಲೆಕ್ಕಕ್ಕೇ ಸೇರಿಸಿಕೊಂಡಿಲ್ಲ ಎಂದುಕೊಂಡಿದ್ದೆನಲ್ಲಾ... ಅತ್ತೆ ಮೊದಲು ಎಣಿಸಿದ್ದೇ ಇದನ್ನು!

ಹದಿಮೂರು ದಿನ ಗೋಡೆ ಕಡೆಯ ಮಗು ಗಾಜಿನ ಪೆಟ್ಟಿಗೆಯಲ್ಲಿ, ಮೂಗಿಗೆ ನಳಿಗೆ ಹಾಕಿಕೊಂಡು, ಉಸಿರನ್ನು ಒಂದೊಂದಾಗಿ ಕಲಿಯಿತು. ಊರಿಗೆ ಹೋಗದೆ ಆಸ್ಪತ್ರೆಯಲ್ಲೇ ಉಳಿದ ಪಟಾಲಮ್ಮ ದಿನವೂ ಗಾಜಿನ ಬಾಗಿಲ ಹೊರಗೇ ನಿಲ್ಲುತ್ತಿದ್ದಳು. ಒಳಗೆ ಕಾಲಿಡುತ್ತಿರಲಿಲ್ಲ. ಹದಿನಾಲ್ಕನೆಯ ದಿನ ನಳಿಗೆ ತೆಗೆದರು.

"ಇನ್ನು ಎದೆಗೆ ಎದೆ ತಾಗ್ಸಿ ಮಲಗಿಸ್ಕೋಬೇಕು," ಎಂದಳು ನರ್ಸ್ ಗಜಾಲಾ. "ನಮ್ ಮೈ ಬಿಸಿಗಿಂತ ಒಳ್ಳೆ ಔಷಧಿ ಇಲ್ಲ. ದಿವ್ಯಾ, ನಿಂಗೆ ಒಂದು. ಅಪ್ಪಂಗೆ ಒಂದು. ಮೂರನೇದಕ್ಕೆ ಯಾರಿದಾರೆ?"

ದಿವ್ಯ ಗಾಜಿನಾಚೆ ಕೈ ತೋರಿಸಿದಳು.

ಪಟಾಲಮ್ಮ ಹಿಂದೆ ಸರಿದಳು. "ನಾನ್ ಬ್ಯಾಡಮ್ಮಾ... ನನ್ ಬಾಯಿ ಒಳ್ಳೇದಲ್ಲ. ನನ್ ಕೈಗೆ ಕೊಡ್ಬೇಡಿ..."

"ಅಜ್ಜೀ, ಬಾಯಿ ಯಾರಿಗೆ ಬೇಕು? ನಂಗೆ ನಿಮ್ ಎದೆ ಬಿಸಿ ಸಾಕು. ಬನ್ನಿ, ಕೈ ತೊಳ್ಕೊಳ್ಳಿ."

"ಬನ್ನಿ ಅತ್ತೆ," ಎಂದಳು ದಿವ್ಯ. ಆ ದನಿ ಈಗ ಕೋಣೆಗೆಲ್ಲ ಕೇಳಿಸಿತು. "ನಿಮ್ಮ ಸೀರೆ ಒಗೆದು ಕುದಿಸಿ ಇವರು ತಂದಿದಾರೆ. ಅದರಲ್ಲೇ ಸುತ್ತೋಣ."

ಮುಂದಕ್ಕೆ ಗುಂಡಿಯಿರುವ ಅಂಗಿ ತೊಡಿಸಿ, ಒರಗು ಕುರ್ಚಿಯಲ್ಲಿ ಕೂರಿಸಿ, ಗಜಾಲಾ ಆ ಅಂಗೈಯಗಲದ ಜೀವವನ್ನು ಮುದುಕಿಯ ಎದೆಯ ಮೇಲೆ ಬೋರಲಾಗಿ ಮಲಗಿಸಿ, ಧಾರೆ ಸೀರೆಯ ತುಂಡು ಹೊದಿಸಿದಳು. ಪಟಾಲಮ್ಮ ಉಸಿರು ಬಿಡಲೂ ಹೆದರಿದಳು. ಮಗು ಒಮ್ಮೆ ಮಿಸುಕಿತು. ಆಮೇಲೆ, ಬೆರಳ ತುದಿಯಿಂದ, ಒಂದೇ ಒಂದು ಸಲ ಅವಳ ಎದೆಯ ಮೇಲೆ ತಟ್ಟಿತು.

"ಅಯ್ಯೋ ನನ್ನವ್ವ..." ಎಂದಳು ಪಟಾಲಮ್ಮ. ಮೂವತ್ತೆರಡು ವರ್ಷ ಹಿಡಿದಿಟ್ಟಿದ್ದ ಕಣ್ಣೀರು ಸದ್ದಿಲ್ಲದೆ ಆ ಪುಟ್ಟ ಟೋಪಿಯ ಪಕ್ಕಕ್ಕೆ ಇಳಿಯಿತು.

ಅದೇ ಹೊತ್ತಿಗೆ ಕುರ್ಚಿಯ ಪಕ್ಕದಲ್ಲಿಟ್ಟಿದ್ದ ಅವಳ ಫೋನು ಗುರ್ ಗುರ್ ಎಂದಿತು. ಮುನಿಕೃಷ್ಣಮ್ಮ. ಗಜಾಲಾ ಕಣ್ಣು ದೊಡ್ಡದು ಮಾಡಿ "ಒಂದೇ ನಿಮಿಷ!" ಎಂದಳು. ಒಂದು ಕೈಯಲ್ಲಿ ಕಿಟಕಿ ಕಡೆಯದನ್ನು ಅವಚಿಕೊಂಡಿದ್ದ ದಿವ್ಯ ಇನ್ನೊಂದು ಕೈಯಿಂದ ಫೋನನ್ನು ಅತ್ತೆಯ ಕಿವಿಗೆ ಹಿಡಿದಳು.

"ಏನೇ ಪಟಾಲೂ, ಎರಡು ವಾರ ಆತು, ಸುದ್ದೀನೇ ಇಲ್ಲ! ಎರಡೂ ಕೂಸು ಚೆನ್ನಾಗವಾ?"

ಅಭ್ಯಾಸದ ಮಾತು ಪಟಾಲಮ್ಮನ ತುಟಿಯವರೆಗೆ ಬಂದು ನಿಂತಿದ್ದು ದಿವ್ಯಳಿಗೆ ಕಂಡಿತು. ಮುದುಕಿ ಕಣ್ಣೆತ್ತಿ ಸೊಸೆಯ ಎದೆಯ ಮೇಲಿನದನ್ನು ನೋಡಿದಳು. ಆಚೆ ಕುರ್ಚಿಯಲ್ಲಿ ಬೆಪ್ಪಾಗಿ ನಗುತ್ತಾ ಕೂತ ಮಗನ ಎದೆಯ ಮೇಲಿನದನ್ನು ನೋಡಿದಳು. ಕೊನೆಗೆ ಗದ್ದ ಬಗ್ಗಿಸಿ ತನ್ನ ಎದೆಯ ಮೇಲಿನದನ್ನು ನೋಡಿದಳು.

"ಎರಡಲ್ಲ ಕಣೇ ಮುನಿಕೃಷ್ಣಮ್ಮ," ಎಂದಳು, ಮಗು ಬೆಚ್ಚದಂತೆ ಮೆಲ್ಲಗೆ. "ಮೂರು. ಎಲ್ರಿಗೂ ಏಳು, ಓಗು. ಮೂರನೇದು ನನ್ ಎದೆ ಮ್ಯಾಲೆ ಮಲ್ಗೈತೆ."